ಷಟ್ಪದಿಗೆ ನಾಲ್ಕು ದನಿ, ಅಪ್ಪನಿಗೆ ಬೇಸರ

ಪ್ರಶ್ನೆ: ನನಗೆ ಮೂವತ್ತಾರು ವರ್ಷ. ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅಪ್ಪ ಗಮಕಿಗಳು. ಬೆಳಗಾದರೆ ಕುಮಾರವ್ಯಾಸ, ಸಂಜೆಯಾದರೆ ಲಕ್ಷ್ಮೀಶ ಎನ್ನುವಂಥ ಮನೆಯಲ್ಲಿ ಬೆಳೆದೆ. ಆದರೆ ಓದಿದ್ದು ಮಿಶನ್ ಶಾಲೆಯಲ್ಲಿ. ಅಲ್ಲಿನ ಕ್ವಾಯರ್‌ನಲ್ಲಿ ಆಲ್ಟೊ, ಅಂದರೆ ಹೆಂಗಸರ ಕೆಳದನಿ, ಹಾಡುತ್ತಿದ್ದೆ. ಈಗ ಇಪ್ಪತ್ತನಾಲ್ಕು ಜನರ ಒಂದು ವೃಂದ ಕಟ್ಟಿದ್ದೇನೆ. ವಾದ್ಯ ಇಲ್ಲದೆ, ಬರಿಯ ಕಂಠದಲ್ಲಿ ಹಾಡುತ್ತೇವೆ. ಬರುವ ರಾಜ್ಯೋತ್ಸವಕ್ಕೆ ಕುಮಾರವ್ಯಾಸ ಭಾರತದ ಸಭಾಪರ್ವದಲ್ಲಿ ದ್ರೌಪದಿ ಸಭೆಯನ್ನು ಪ್ರಶ್ನಿಸುವ ಭಾಗದಿಂದ ಐದು ಪದ್ಯ ಆರಿಸಿ ನಾಲ್ಕು ದನಿಗಳಿಗೆ ಕೂಡಿಸುತ್ತಿದ್ದೇನೆ. ಮೊದಲ ಪದ್ಯವನ್ನು ಮೊಬೈಲಿನಲ್ಲಿ ಕೇಳಿಸಿದಾಗ ಅಪ್ಪ ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದರು. ‘ನಾಲ್ಕು ಜನ ನಾಲ್ಕು ಕಡೆ ಎಳೆದರೆ ಮಾತು ಯಾರ ಕಿವಿಗೆ ಬೀಳಬೇಕು ಮಗಳೇ?’ ಎಂದರು. ಆಮೇಲೆ ಆ ವಿಷಯವನ್ನೇ ಎತ್ತಿಲ್ಲ. ಇತ್ತ ವೃಂದದ ಹುಡುಗರು ತಬಲಾ, ಕೀಬೋರ್ಡ್ ಸೇರಿಸೋಣ ಎನ್ನುತ್ತಿದ್ದಾರೆ. ಮುಂದೆ ಬೇಂದ್ರೆಯವರ ಕವಿತೆಗಳನ್ನೂ ಮಾಡುವ ಆಸೆ ಇದೆ. ನಾನು ಮಾಡುತ್ತಿರುವುದು ಕಾವ್ಯಕ್ಕೆ ಅಪಚಾರವೇ? ಕೈಬಿಡಲೇ?

— ಹೆಸರು ಬೇಡ, ಶಿವಮೊಗ್ಗ

ಉತ್ತರ: ಕೈಬಿಡಬೇಡಿ. ಆದರೆ ಅಪ್ಪ ಕೇಳಿದ ಪ್ರಶ್ನೆಯನ್ನೂ ಕೈಬಿಡಬೇಡಿ. ನಿಮ್ಮ ಪತ್ರವನ್ನು ಓದುವಾಗ ನನಗೆ ಅನ್ನಿಸಿದ್ದು, ಈ ಕೆಲಸದಲ್ಲಿ ನಿಮಗೆ ಸಿಕ್ಕ ಅತ್ಯುತ್ತಮ ಸಲಹೆ ಅದಾಗಲೇ ನಿಮ್ಮ ಮನೆಯಲ್ಲೇ ಸಿಕ್ಕಿದೆ ಎಂದು. ಅದು ಬೇಸರದ ರೂಪದಲ್ಲಿ ಬಂದದ್ದರಿಂದ ನಿಮಗೆ ನೋವಾಗಿದೆ, ಅಷ್ಟೆ.

‘ಮಾತು ಯಾರ ಕಿವಿಗೆ ಬೀಳಬೇಕು?’ ಬಹುಕಂಠದ ಸಂಗೀತ ಹುಟ್ಟಿ ಬೆಳೆದ ಯುರೋಪಿನಲ್ಲೇ ಈ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು. 1562ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ್ದ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಚರ್ಚಿನ ಸಂಗೀತದ ಮಾತು ಬಂದಾಗ ಹಿರಿಯರ ದೂರು ನಿಮ್ಮ ಅಪ್ಪನದೇ: ದನಿಗಳು ಒಂದರ ಮೇಲೊಂದು ಹೆಣೆದುಕೊಂಡು ಪ್ರಾರ್ಥನೆಯ ಪದಗಳು ಜನಕ್ಕೆ ತಿಳಿಯುತ್ತಿಲ್ಲ. ಮುಂದೆ ಇಟಲಿಯ ಮೊಂಟೆವರ್ದಿ ಪೆಟ್ರಾರ್ಕ, ತಾಸ್ಸೊ, ಗ್ವಾರೀನಿಯಂಥ ಕವಿಗಳ ಪದ್ಯಗಳನ್ನು ಮ್ಯಾಡ್ರಿಗಲ್ ಎಂಬ ಹಾಡುಗಳಾಗಿ ಐದು ದನಿಗಳಿಗೆ ಕೂಡಿಸಿದರು. ಆಗ ಜಗಳ ಇನ್ನೊಂದು ಕಡೆಯಿಂದ ಬಂತು. ಅವರ ಸ್ವರಮೇಳ ಶಾಸ್ತ್ರಕ್ಕೆ ಹೊಂದುವುದಿಲ್ಲ ಎಂದು ಅರ್ತೂಸಿ ಎಂಬ ಪಂಡಿತರು 1600ರಲ್ಲಿ ಪುಸ್ತಕವನ್ನೇ ಬರೆದರು. ಮೊಂಟೆವರ್ದಿ 1605ರಲ್ಲಿ ತಮ್ಮ ಐದನೆಯ ಸಂಗ್ರಹದಲ್ಲಿ ಉತ್ತರ ಕೊಟ್ಟರು. ಅವರ ಪಕ್ಷದ ಸಾರ ಇಷ್ಟು: ಮಾತು ಮುಂದೆ ನಡೆಯಬೇಕು, ಸ್ವರಮೇಳ ಅದರ ಹಿಂದೆ ಬರಬೇಕು. ನೋವಿನ ಮಾತಿಗೆ ಒರಟು ಸ್ವರಮೇಳ ಬೇಕಾದರೆ ಶಾಸ್ತ್ರ ಸ್ವಲ್ಪ ಸರಿದು ನಿಲ್ಲಲಿ. ನಿಮ್ಮ ಅಪ್ಪನೂ ಮೊಂಟೆವರ್ದಿಯೂ ಎದುರುಬದುರು ಕೂತಿದ್ದರೆ ಈ ಒಂದು ವಿಷಯದಲ್ಲಿ ಇಬ್ಬರೂ ಬೇಗ ಒಪ್ಪುತ್ತಿದ್ದರು ಎಂದೇ ನನ್ನ ನಂಬಿಕೆ.

ಹಾಗಾದರೆ ಆ ಕಾಲದ ಬಹುಕಂಠ ಗಾಯನ ಉಳಿದದ್ದು ಹೇಗೆ? ಹಾಡುವ ಮುಂಚೆಯೇ ಪದಗಳು ಜನರ ಬಳಿ ಇದ್ದವು. ಪೂಜೆಯ ಲ್ಯಾಟಿನ್ ಪಾಠ ವಾರವಾರವೂ ಕೇಳಿ ಕೇಳಿ ಕಿವಿಗೆ ಪಳಗಿತ್ತು. ಇನ್ನು ಪ್ರೇಮಕಾವ್ಯದ ಆ ಮ್ಯಾಡ್ರಿಗಲ್‌ಗಳನ್ನು ಬಹಳ ಮಟ್ಟಿಗೆ ಹಾಡುತ್ತಿದ್ದವರೇ ಸವಿಯುತ್ತಿದ್ದರು. ಮೇಜಿನ ಸುತ್ತ ಕೂತವರ ಕೈಯಲ್ಲಿ ತಂತಮ್ಮ ದನಿಯ ಪುಸ್ತಕವಿರುತ್ತಿತ್ತು, ಪದ್ಯ ಕಣ್ಣೆದುರೇ ಇರುತ್ತಿತ್ತು. ಪದ್ಯ ಮೊದಲೇ ಗೊತ್ತಿರುವವನಿಗೆ ನಾಲ್ಕು ದನಿ ತೊಡಕಲ್ಲ. ಗೊತ್ತಿಲ್ಲದವನಿಗೆ ಅದು ಗದ್ದಲ. ನಿಮ್ಮ ರಾಜ್ಯೋತ್ಸವದ ಸಭೆಯಲ್ಲಿ ಕೂರುವವರಿಗೆ ಹದಿನೈದನೆಯ ಶತಮಾನದ ನಡುಗನ್ನಡ ಮೊದಲ ಸಲಕ್ಕೇ ತಿಳಿಯಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಒಂದೇ ದನಿಯಲ್ಲಿ ಹಾಡಿದರೂ ತಿಳಿಯುವುದು ಕಷ್ಟ.

ಇದಕ್ಕೆ ಪರಿಹಾರವನ್ನು ಗಮಕ ಕಲೆ ಎಂದೋ ಕಂಡುಕೊಂಡಿದೆ. ಅಲ್ಲಿ ವಾಚನ ಇದೆ, ಅದರ ಬೆನ್ನಿಗೇ ವ್ಯಾಖ್ಯಾನ ಇದೆ. ಒಬ್ಬರು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ. ನಿಮ್ಮ ಜಿಲ್ಲೆಯ ಹೊಸಹಳ್ಳಿಯ ಹೆಸರು ನಾಡಿಗೆಲ್ಲ ಗೊತ್ತಾದದ್ದು ಈ ಕಲೆಯಿಂದ. ಅಲ್ಲಿನ ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ನೆಲದಲ್ಲೇ ಇದ್ದುಕೊಂಡು ವೃಂದಗಾನವನ್ನು ಪದ್ಯದಿಂದಲೇ ನೇರವಾಗಿ ಶುರುಮಾಡುವುದೇಕೆ? ಕಾರ್ಯಕ್ರಮವನ್ನು ಹೀಗೆ ಜೋಡಿಸಿ ನೋಡಿ: ಮೊದಲು ಅಪ್ಪ ಪದ್ಯವನ್ನು ವಾಚಿಸಲಿ. ಅವರೇ ಆಗಲಿ, ಅವರ ಜೊತೆಯವರೇ ಆಗಲಿ, ನಾಲ್ಕು ಮಾತಿನಲ್ಲಿ ವ್ಯಾಖ್ಯಾನ ಮಾಡಲಿ. ಅದರ ಮೇಲೆ ನಿಮ್ಮ ಇಪ್ಪತ್ತನಾಲ್ಕು ಕಂಠ ಅದೇ ಪದ್ಯವನ್ನು ಎತ್ತಿಕೊಳ್ಳಲಿ. ಆಗ ಕೇಳುಗರ ಕಿವಿಯಲ್ಲಿ ಮಾತು ಅದಾಗಲೇ ಕೂತಿರುತ್ತದೆ; ನೀವು ಅದನ್ನು ಹಂಚಬಹುದು, ಹೆಣೆಯಬಹುದು, ಒಂದು ಪದವನ್ನು ಮೂರು ಸಲ ಮರಳಿ ತರಬಹುದು. ಅಪ್ಪನನ್ನು ಸಮಾಧಾನಪಡಿಸುವ ಉಪಾಯವೆಂದು ಇದನ್ನು ಹೇಳುತ್ತಿಲ್ಲ. ನಿಮ್ಮ ಸಂಗೀತಕ್ಕೇ ಇದು ಬೇಕು.

ಮತ್ತೊಂದು ಮಾತು. ಐದು ಪದ್ಯ ಹೆಚ್ಚಾಯಿತು. ಎರಡು ಸಾಕು.

ಇನ್ನು ಕೂಡಿಸುವ ಕೆಲಸಕ್ಕೆ ಬರೋಣ. ನೀವು ಸ್ವರ ಹುಡುಕುವ ಮೊದಲು ಅಪ್ಪನ ವಾಚನವನ್ನು ಧ್ವನಿಮುದ್ರಿಸಿಕೊಳ್ಳಿ, ಒಮ್ಮೆ ರಾಗದಲ್ಲಿ, ಇನ್ನೊಮ್ಮೆ ರಾಗವಿಲ್ಲದೆ ಬರಿಯ ಮಾತಿನ ಓದಿನಲ್ಲಿ. ಆ ಎರಡನೆಯದು ನಿಮಗೆ ಹೆಚ್ಚು ಬೆಲೆಬಾಳುವಂಥದ್ದು. ಚೆಕ್ ಸಂಗೀತಕಾರ ಯಾನಾಚೆಕ್ ಜನ ಆಡುವ ಮಾತಿನ ಏರಿಳಿತವನ್ನು ವರ್ಷಗಟ್ಟಲೆ ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡರು. ಅವರ ಸಂಗೀತ ಮಾತಿಗೆ ಅಷ್ಟು ಹತ್ತಿರ ಬರಲು ಆ ಅಭ್ಯಾಸವೇ ಕಾರಣ. ಅಪ್ಪ ಎಲ್ಲಿ ತಡೆದರು, ಯಾವ ಪದವನ್ನು ಒತ್ತಿದರು, ಎಲ್ಲಿ ಉಸಿರು ತೆಗೆದುಕೊಂಡರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ.

ಆಮೇಲೆ ಛಂದಸ್ಸು. ಕುಮಾರವ್ಯಾಸನ ಭಾಮಿನಿ ಷಟ್ಪದಿ ನಿಮ್ಮಂಥವರಿಗೆ ವರವಾಗಿ ಬಂದಿದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ಗಣಗಳು, ಸಾಲಿಗೆ 14. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆ. ಏಳೇಳು ಮಾತ್ರೆಯ ಆವರ್ತವಾಗಿ, ಅಂದರೆ ಮಿಶ್ರಚಾಪಿನ ನಡೆಯಲ್ಲಿ ಇದನ್ನು ಬರೆದುಕೊಂಡರೆ ಉದ್ದದ ಸಾಲಿನ ಕೊನೆಯ ಗುರುವಿನ ಆಚೆ ಐದು ಮಾತ್ರೆ ಖಾಲಿ ಉಳಿಯುತ್ತದೆ. ಅದನ್ನೂ ಸೇರಿಸಿದರೆ ಪದ್ಯ ಹದಿನಾರು ಆವರ್ತದಲ್ಲಿ ಸರಿಯಾಗಿ ಮುಗಿಯುತ್ತದೆ. ಆ ಖಾಲಿ ಐದು ಮಾತ್ರೆಗಳ ಮೇಲೆ ನನಗೆ ಬಹಳ ಪ್ರೀತಿ. ಗಾಯಕರು ಉಸಿರು ತೆಗೆದುಕೊಳ್ಳುವುದು ಅಲ್ಲಿ. ಒಂದು ದನಿ ಕೊನೆಯ ಗುರುವನ್ನು ಹಿಡಿದು ನಿಂತಾಗ ಉಳಿದ ದನಿಗಳು ಮಾತಾಡುವುದೂ ಅಲ್ಲಿಯೇ. ಹಾರ್ಮನಿಯನ್ನು ಬಲವಂತವಾಗಿ ತುರುಕಬೇಕಿಲ್ಲ, ಕವಿ ಅದಕ್ಕೆ ಜಾಗ ಬಿಟ್ಟುಕೊಟ್ಟಿದ್ದಾನೆ.

ಆದರೆ ಎಚ್ಚರ. ಕುಮಾರವ್ಯಾಸನ ವಾಕ್ಯ ಗಣಕ್ಕೆ ತಕ್ಕಂತೆ ಮುರಿಯುವುದಿಲ್ಲ. ಪದ ಗಣವನ್ನು ದಾಟುತ್ತದೆ, ಅರ್ಥ ಸಾಲನ್ನು ದಾಟಿ ಮುಂದಕ್ಕೆ ಓಡುತ್ತದೆ. ತಾಳವನ್ನು ಛಂದಸ್ಸಿನಿಂದ ತೆಗೆದುಕೊಳ್ಳಿ, ಉಸಿರನ್ನು ಅರ್ಥದಿಂದ ತೆಗೆದುಕೊಳ್ಳಿ. ಏಳರ ಮೊದಲ ಪೆಟ್ಟಿಗೆಲ್ಲ ಒತ್ತು ಹಾಕುತ್ತ ಹೋದರೆ ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗಾಗುತ್ತದೆ. ಪ್ರಾಸವನ್ನೂ ಮರೆಯಬೇಡಿ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುತ್ತದಲ್ಲ, ಬೇರೆ ಬೇರೆ ದನಿಗಳು ಒಂದಾದ ಮೇಲೊಂದು ಪ್ರವೇಶಿಸುವಾಗ ಆ ಅಕ್ಷರ ಪ್ರತಿ ಸಲವೂ ಆವರ್ತದ ಅದೇ ಜಾಗಕ್ಕೆ ಬೀಳುವಂತೆ ನೋಡಿಕೊಳ್ಳಿ. ಕಿವಿ ಅದನ್ನು ಹಿಡಿದುಕೊಂಡು ಸಾಲಿನ ಆರಂಭವನ್ನು ಗುರುತಿಸುತ್ತದೆ.

ಈಗ ವೃಂದಗಾನದಲ್ಲಿ ಕನ್ನಡ ಕೆಡುವ ಮುಖ್ಯ ಜಾಗ. ಇಂಗ್ಲಿಷ್ ಸ್ತುತಿಗೀತೆಗಳನ್ನು ಹಾಡಿ ಬಂದವರಿಗೆ ಯಾವ ಸ್ವರಾಕ್ಷರವನ್ನಾದರೂ ಬೇಕಾದಷ್ಟು ಎಳೆಯಬಹುದು ಎಂಬ ಅಭ್ಯಾಸ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ‘ಬಲ’ವನ್ನು ಎಳೆದರೆ ‘ಬಾಲ’ ಆಗುತ್ತದೆ, ‘ಮರ’ವನ್ನು ಎಳೆದರೆ ‘ಮಾರ’. ಲಘುವಿಗೆ ಒಂದು ಪಾಲು ಕಾಲ ಕೊಟ್ಟರೆ ಗುರುವಿಗೆ ಎರಡು ಪಾಲು ಎಂಬ ಪ್ರಮಾಣ ಎಷ್ಟೇ ವಿಳಂಬದಲ್ಲಿ ಹಾಡಿದರೂ ಕೇಳಬೇಕು. ಉದ್ದನೆಯ ಸ್ವರ ಬೇಕೆನಿಸಿದಾಗ ಗುರು ಎಲ್ಲಿದೆ ಎಂದು ಹುಡುಕಿ, ಅಲ್ಲಿ ನಿಲ್ಲಿ. ಒತ್ತಕ್ಷರಗಳ ವಿಷಯ ಇನ್ನೂ ಸೂಕ್ಷ್ಮ. ‘ಅಮ್ಮ’, ‘ಕಣ್ಣು’ ಎನ್ನುವಾಗ ಮ್, ಣ್‌ಗಳಲ್ಲಿ ನಾದ ಮುಂದುವರಿಯುತ್ತದೆ, ಅವನ್ನು ಹಾಡಬಹುದು. ‘ಕತ್ತಲೆ’, ‘ತಪ್ಪು’ ಎನ್ನುವಾಗ ನಡುವೆ ಒಂದು ಚಿಕ್ಕ ಮೌನ ಇದೆ. ಇಪ್ಪತ್ತನಾಲ್ಕು ಜನ ಒಂದೇ ಗಳಿಗೆಯಲ್ಲಿ ನಾಲಿಗೆಯನ್ನೋ ತುಟಿಯನ್ನೋ ಮುಚ್ಚಿ ಒಂದೇ ಗಳಿಗೆಯಲ್ಲಿ ಬಿಟ್ಟರೆ ಆ ಮೌನ ತಬಲಾ ಪೆಟ್ಟಿಗಿಂತ ಸ್ಪಷ್ಟವಾಗಿ ತಾಳ ಹಿಡಿಯುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮುಚ್ಚಿದರೆ ಪದ ಕಲಸಿಹೋಗುತ್ತದೆ. ಅಪ್ಪ ಕೈಯೆತ್ತಿ ನಿಲ್ಲಿಸಿದ ಜಾಗ ಯಾವುದೆಂದು ನೆನಪಿದೆಯೇ? ಆ ಜಾಗಕ್ಕೆ ಹೋಗಿ ಈ ದೃಷ್ಟಿಯಿಂದ ಒಮ್ಮೆ ಕೇಳಿ. ದೋಷ ಹಾರ್ಮನಿಯಲ್ಲಿ ಇರಲಾರದು, ಅಕ್ಷರ ಕಾಲದಲ್ಲಿ ಇದ್ದೀತು. ಅಂದ ಹಾಗೆ, ತಾರಸ್ಥಾಯಿಯ ಸ್ವರಕ್ಕೆ ಆ, ಓ ಬರುವಂತೆ ನೋಡಿಕೊಳ್ಳಿ. ಹವ್ಯಾಸಿ ಸೊಪ್ರಾನೊಗಳಿಗೆ, ಅಂದರೆ ಮೇಲಿನ ದನಿಯ ಹೆಂಗಸರಿಗೆ, ಅಲ್ಲಿ ಇ, ಉ ಕೊಟ್ಟರೆ ಗಂಟಲು ಬಿಗಿಯುತ್ತದೆ, ಪದವೂ ಹೋಗುತ್ತದೆ.

ನೀವು ಆರಿಸಿದ ಸನ್ನಿವೇಶದ ಬಗ್ಗೆ ಹೇಳಲೇಬೇಕು, ಏಕೆಂದರೆ ಅದು ಬಹಳ ಒಳ್ಳೆಯ ಆಯ್ಕೆ. ಒಬ್ಬಳು ಹೆಂಗಸು ತುಂಬಿದ ಸಭೆಯನ್ನು ಪ್ರಶ್ನೆ ಕೇಳುತ್ತಿದ್ದಾಳೆ. ಭೀಷ್ಮ ದ್ರೋಣಾದಿ ಹಿರಿಯರು ಕೂತ ಆ ಸಭೆಗೆ ಸರಿಯಾದ ಉತ್ತರ ಕೊಡಲಾಗುವುದಿಲ್ಲ. ಹಾಗಿದ್ದ ಮೇಲೆ ಎಲ್ಲ ದನಿಗಳೂ ಮೊದಲ ಅಕ್ಷರದಿಂದಲೇ ದ್ರೌಪದಿಯ ಮಾತನ್ನು ಏಕೆ ಹಾಡಬೇಕು? ನಿಮ್ಮ ವೃಂದ ಇಲ್ಲಿ ಯಾರು ಎಂದು ಕೇಳಿಕೊಳ್ಳಿ. ನಾನಾಗಿದ್ದರೆ ಪ್ರಶ್ನೆಯನ್ನು ಒಬ್ಬಳೇ ಗಾಯಕಿಗೆ ಕೊಡುತ್ತಿದ್ದೆ. ಟೆನರ್, ಬೇಸ್ ಹಾಡುವ ಗಂಡಸರು ಬಾಯಿ ಮುಚ್ಚಿ ಷಡ್ಜ ಪಂಚಮ ಹಿಡಿದಿರಲಿ. ಅದೇ ಸಭೆ. ಎರಡನೆಯ ಪದ್ಯದಲ್ಲಿ ಆಲ್ಟೊಗಳು, ಆಮೇಲೆ ಸೊಪ್ರಾನೊಗಳೆಲ್ಲ ಅವಳ ದನಿಗೆ ಒಂದೇ ಸ್ವರದಲ್ಲಿ ಸೇರಲಿ. ಗಂಡಸರ ಗುಂಪು ಒಡೆದು ಅರ್ಧ ಅವಳ ಪದವನ್ನು ಹಿಂಜರಿಯುತ್ತ ಮರುನುಡಿಯಲಿ, ಇನ್ನರ್ಧ ಷಡ್ಜ ಬಿಡದೆ ಕೂತಿರಲಿ. ಇಲ್ಲಿ ನಾಲ್ಕು ದನಿಗೆ ಕಾರಣ ಕಥೆಯಿಂದಲೇ ಹುಟ್ಟುತ್ತದೆ, ಪ್ರಶ್ನೆಯ ಪದ ಒಂದೂ ಮುಚ್ಚಿಹೋಗುವುದಿಲ್ಲ. ‘ನಾಲ್ಕು ಕಡೆ ಎಳೆಯುವುದೇಕೆ’ ಎಂದು ಕೇಳಿದವರಿಗೆ ಸಭೆ ಒಡೆದದ್ದರಿಂದ ಎಂದು ಹೇಳಬಹುದು.

ರಾಗದ ವಿಷಯದಲ್ಲಿ ಅಪ್ಪನನ್ನು ಅನುಕರಿಸಲು ಹೋಗಬೇಡಿ. ಶೋಕಕ್ಕೆ ಅವರು ಮುಖಾರಿಯನ್ನೋ ಆಹಿರಿಯನ್ನೋ ಎತ್ತಿಕೊಂಡರೆ ಅದರ ಸೊಗಸೆಲ್ಲ ಕಂಪಿತದಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವುದರಲ್ಲಿ ಇರುತ್ತದೆ. ಒಂದು ಕಂಠದ ಆ ಬಾಗು ಬಳುಕನ್ನು ಗುಂಪು ಹಾಡಿದರೆ ಸ್ವರ ಕದಡುತ್ತದೆ. ಮೇಲೆ ಹಾರ್ಮನಿ ಕೂಡಿಸಿದರೆ ರಾಗ ಉಳಿಯುವುದಿಲ್ಲ. ಸ್ವರಗಳನ್ನು ನೇರವಾಗಿ ನಿಲ್ಲಿಸಿದರೂ ಮುಖ ಕೆಡದ ರಾಗ ಬೇಕು. ಶಿವರಂಜನಿ ಈ ಸನ್ನಿವೇಶಕ್ಕೆ ಒದಗುತ್ತದೆ. ಬೇರೆ ಪದ್ಯಗಳಿಗೆ ಮೋಹನ ಇದೆ. ಅದರ ಐದು ಸ್ವರಗಳಲ್ಲಿ ಅಕ್ಕಪಕ್ಕದ ಅರ್ಧಸ್ವರದ ತಿಕ್ಕಾಟವೇ ಇಲ್ಲದ್ದರಿಂದ ಯಾವ ಸ್ವರಗಳನ್ನು ಒಟ್ಟಿಗೆ ನಿಲ್ಲಿಸಿದರೂ ಕಿವಿಗೆ ಹಿತ. ಶಾಲೆಯಲ್ಲಿ ಕಲಿತ ಕಾರ್ಡ್‌ಗಳನ್ನು ತಂದು ತುಂಬುವ ಆಸೆ ಬರುತ್ತದೆ, ಬಂದಾಗ ತಡೆಯಿರಿ. ರಾಗದಲ್ಲಿಲ್ಲದ ಮಧ್ಯಮವೋ ನಿಷಾದವೋ ಬೇಸ್ ದನಿಯಲ್ಲಿ ಒಮ್ಮೆ ನುಸುಳಿದರೆ ಸಾಕು, ಪದ್ಯ ಬೇರೆ ಊರಿಗೆ ಹೋಗಿಬಿಡುತ್ತದೆ.

ಹುಡುಗರು ಕೇಳುವ ತಬಲಾ ಮತ್ತು ಕೀಬೋರ್ಡ್‌ಗೆ ಬೇಡ ಎನ್ನಿ, ಆದರೆ ಅವರ ಆಸೆಯ ಒಳಗಿರುವ ಮಾತನ್ನು ಕೇಳಿಸಿಕೊಳ್ಳಿ. ಅವರಿಗೆ ಬೇಕಿರುವುದು ಲಯದ ಆಸರೆ, ಶ್ರುತಿಯ ಆಸರೆ. ಫ್ರಾನ್ಸಿನ ದೆಬ್ಯುಸಿ ಶಾರ್ಲ್ ದೋರ್ಲೇಆಂ ಎಂಬ ಕವಿಯ ಮೂರು ಪದ್ಯಗಳನ್ನು ವಾದ್ಯವಿಲ್ಲದ ವೃಂದಕ್ಕೆ ಕೂಡಿಸಿ 1908ರಲ್ಲಿ ಪ್ರಕಟಿಸಿದರು. ಆ ಕವಿ ಕುಮಾರವ್ಯಾಸನಂತೆ ಹದಿನೈದನೆಯ ಶತಮಾನದವನು. ನಡುವಿನ ಹಾಡಿನಲ್ಲಿ ಒಬ್ಬ ಆಲ್ಟೊ ಗಾಯಕಿ ಪದ್ಯವನ್ನು ಹಾಡುತ್ತಿದ್ದರೆ ಉಳಿದವರು ಬಾಯಲ್ಲೇ ತಮಟೆಯಂಥ ವಾದ್ಯದ ಸದ್ದು ತರುತ್ತಾರೆ. ಅದನ್ನು ಒಟ್ಟಾಗಿ ಕೂತು ಕೇಳಿ. ನಮಗಂತೂ ಬಾಯಿಯ ಲಯಕ್ಕೆ ಹೊರಗಿನ ಪಾಠ ಬೇಕಿಲ್ಲ, ಸೊಲ್ಲುಕಟ್ಟು ಇದೆ. ‘ತಕಿಟ ತಕದಿಮಿ’ ಭಾಮಿನಿಯ ಮೂರು-ನಾಲ್ಕಕ್ಕೆ ನೇರವಾಗಿ ಕೂರುತ್ತದೆ. ದ್ರೌಪದಿಯ ಪದ್ಯದ ಕೆಳಗೆ ಅದು ಬೇಡ, ಯುದ್ಧದ ಪದ್ಯವೊಂದಕ್ಕೆ ಕಾದಿಟ್ಟುಕೊಳ್ಳಿ.

ಶ್ರುತಿಗೆ ತಂಬೂರಿ ಇಟ್ಟುಕೊಂಡು ಅಭ್ಯಾಸ ಮಾಡಿ, ವೇದಿಕೆಗೆ ಬಂದಾಗ ತೆಗೆಯಿರಿ. ಕೀಬೋರ್ಡಿನ ಗಾಂಧಾರ ತಂಬೂರಿಯ ಮಂದ್ರದ ತಂತಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಅರ್ಧಸ್ವರವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಹದಿನಾಲ್ಕು. ವಾದ್ಯವಿಲ್ಲದ ವೃಂದಕ್ಕೆ ತಂಬೂರಿಯ ಆ ಗಾಂಧಾರವನ್ನೇ ಹಿಡಿಯುವ ಸ್ವಾತಂತ್ರ್ಯ ಇದೆ. ಕೀಬೋರ್ಡಿಗೆ ಕಟ್ಟಿಬಿದ್ದರೆ ಅದನ್ನು ಕಳೆದುಕೊಳ್ಳುತ್ತೀರಿ.

ಇದು ನಮ್ಮದಲ್ಲದ ದಾರಿ ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಮಿಶನ್ ಶಾಲೆಯ ಹಾಡು, ಅಪ್ಪನ ಷಟ್ಪದಿ ಎರಡೂ ಬೇರೆ ಬೇರೆ ಎಂದುಕೊಂಡಿದ್ದೀರಿ. ಬಾಸೆಲ್ ಮಿಶನ್ನಿನ ಕಿಟೆಲ್ ನಿಘಂಟು ಬರೆದರೆಂದು ಎಲ್ಲರಿಗೂ ಗೊತ್ತು. ಅವರು ಅದಕ್ಕಿಂತ ಬಹಳ ಮುಂಚೆ, 1862ರಲ್ಲಿ, ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನ ದಾರಿಯಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಆ ಕಡೆಯಿಂದ ಒಬ್ಬರು ಷಟ್ಪದಿಯ ಮನೆಗೆ ಅಷ್ಟು ಆಸ್ಥೆಯಿಂದ ಬಂದಿದ್ದಾರೆ. ನೀವು ಆ ಮನೆಯಲ್ಲೇ ಹುಟ್ಟಿದವರು. ಪಕ್ಕದ ತಮಿಳುನಾಡಿನಲ್ಲಿ ಎಂ.ಬಿ. ಶ್ರೀನಿವಾಸನ್ ಮದರಾಸ್ ಯೂತ್ ಕ್ವಾಯರ್ ಕಟ್ಟಿ ಸುಬ್ರಹ್ಮಣ್ಯ ಭಾರತಿಯ ಕವಿತೆಗಳನ್ನು ವೃಂದದಿಂದ ಹಾಡಿಸಿದರು. ಕನ್ನಡದಲ್ಲಿ ಸುಗಮ ಸಂಗೀತ ಕವಿತೆಯನ್ನು ಮನೆಮನೆಗೆ ಮುಟ್ಟಿಸಿತು, ಅದರ ಋಣ ದೊಡ್ಡದು. ಆದರೆ ಅಲ್ಲಿ ಒಬ್ಬರ ಕಂಠವೇ ಮುಂದು. ಹಲವು ಕಂಠಗಳು ಸಮನಾಗಿ ನಿಂತು ಹಳಗನ್ನಡ, ನಡುಗನ್ನಡಗಳನ್ನು ಹಾಡುವ ಕೆಲಸ ಇನ್ನೂ ಬಹಳ ಉಳಿದಿದೆ. ನಿಮ್ಮಂಥವರು ಕೈಬಿಟ್ಟರೆ ನನಗೆ ನಿಜವಾಗಿಯೂ ದುಃಖವಾಗುತ್ತದೆ.

ಬೇಂದ್ರೆಯವರ ವಿಷಯಕ್ಕೆ ಮಾತ್ರ ಆತುರಪಡಬೇಡಿ. ಕುಮಾರವ್ಯಾಸನಿಗೆ ಯಾರ ಅಪ್ಪಣೆಯೂ ಬೇಡ. ಆದರೆ ನಮ್ಮ ದೇಶದ ಕಾನೂನಿನಲ್ಲಿ ಕವಿ ಬದುಕಿದ್ದಾಗ ಪ್ರಕಟಿಸಿದ ಕೃತಿಗೆ ಅವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯ ತನಕ. ಕುವೆಂಪು 1994, ಅವರ ಕವಿತೆಗಳಿಗೆ 2054ರ ತನಕ. ಅಮೆರಿಕದ ಎರಿಕ್ ವಿಟೇಕರ್ ರಾಬರ್ಟ್ ಫ್ರಾಸ್ಟ್‌ನ ಬಹು ಪ್ರಸಿದ್ಧ ಕವಿತೆಯೊಂದನ್ನು ವೃಂದಕ್ಕೆ ಕೂಡಿಸಿ ಮುಗಿಸಿದ ಮೇಲೆ ಹಕ್ಕುದಾರರು ಒಪ್ಪಿಗೆ ಕೊಡಲಿಲ್ಲ. ಕೊನೆಗೆ ಅದೇ ಸ್ವರಗಳಿಗೆ, ಅದೇ ಛಂದಸ್ಸಿನಲ್ಲಿ, ಸಿಲ್ವೆಸ್ಟ್ರಿ ಎಂಬ ಗೆಳೆಯರಿಂದ ಹೊಸ ಪದ್ಯ ಬರೆಸಿಕೊಂಡರು. ‘ಸ್ಲೀಪ್’ ಎಂಬ ಹೆಸರಿನ ಆ ಕೃತಿಯನ್ನು ಇವತ್ತು ಲೋಕವೆಲ್ಲ ಹಾಡುತ್ತದೆ ನಿಜ, ಆದರೆ ಬೇಂದ್ರೆಗೆ ಬದಲಿ ಪದ್ಯ ಬರೆಯುವವರನ್ನು ನೀವು ಎಲ್ಲಿಂದ ತರುತ್ತೀರಿ? ಸ್ವರ ಬರೆಯುವ ಮುಂಚೆ ಲಿಖಿತ ಒಪ್ಪಿಗೆ ಕೈಯಲ್ಲಿರಲಿ. ಕಾಯುವ ಕಾಲದಲ್ಲಿ ಪಂಜೆಯವರು, ಬಿ.ಎಂ.ಶ್ರೀ ಇದ್ದಾರೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಕೃತಿಗಳೂ 2024ರ ಜನವರಿಯಿಂದ ಮುಕ್ತವಾಗಿವೆ. ಕ್ರಿಸ್ತನ ಕೊನೆಯ ದಿನದ ಮೇಲೆ ಅವರು ಬರೆದ ‘ಗೊಲ್ಗೊಥಾ’ ಖಂಡಕಾವ್ಯವನ್ನು ಕ್ವಾಯರ್‌ನಲ್ಲಿ ಬೆಳೆದ ನೀವು ಒಮ್ಮೆ ಓದಲೇಬೇಕು.

ಅಪ್ಪನ ಬಳಿ ಮತ್ತೆ ಹೋಗುವಾಗ ‘ಹೇಗಿದೆ ಹೇಳಿ’ ಎಂದು ಧ್ವನಿಮುದ್ರಣ ಮುಂದಿಡಬೇಡಿ. ಹಾಗೆ ಕೇಳಿದರೆ ಅವರು ತೀರ್ಪು ಕೊಡಲೇಬೇಕಾಗುತ್ತದೆ. ಪುಸ್ತಕ ಹಿಡಿದುಕೊಂಡು ಹೋಗಿ, ‘ಈ ಎರಡು ಪದ್ಯಗಳನ್ನು ನನಗೆ ಪಾಠ ಮಾಡಿ, ನಮ್ಮ ಹುಡುಗರಿಗೂ ಒಂದು ದಿನ ಓದಿಸಿ’ ಎಂದು ಕೇಳಿ. ಉಚ್ಚಾರ ತಿದ್ದಲು ಅವರು ಅಭ್ಯಾಸಕ್ಕೆ ಬಂದರೆ ಲ, ಳ ಎರಡೂ ಸರಿಯಾಗುತ್ತವೆ, ಮಹಾಪ್ರಾಣವೂ ಸರಿಯಾಗುತ್ತದೆ. ಅವರು ಬರಲೊಪ್ಪದಿದ್ದರೆ ಮುನಿಸಿಕೊಳ್ಳಬೇಡಿ, ಮನೆಯಲ್ಲೇ ಪಾಠ ಹೇಳಿಸಿಕೊಳ್ಳಿ. ವೃಂದಗಾನ ಕೊನೆಗೂ ಅವರಿಗೆ ಹಿಡಿಸದಿರಬಹುದು. ಅದು ಅವರ ಕಿವಿಯ ಹಕ್ಕು. ನವೆಂಬರಿಗೆ ಮುಂಚೆ ಮೊದಲ ಪದ್ಯದ ಹದಿನಾರು ಆವರ್ತ ಗಟ್ಟಿಯಾದರೆ ಸಾಕು, ಎರಡನೆಯದನ್ನು ಆಮೇಲೆ ನೋಡಿಕೊಳ್ಳಬಹುದು.